ಪ್ರಶಸ್ತಿಯ ಬರ ನೀಗಿದಾಗ ಅಭಿಮಾನಿಗಳು ಯಾಕೆ ಅಳುತ್ತಾರೆ?

2016ರಲ್ಲಿ ಅಮೆರಿಕದ ಬೇಸ್‌ಬಾಲ್ ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸ್ ಹೊತ್ತಿನಲ್ಲಿ ಷಿಕಾಗೊದ ರಿಗ್ಲಿ ಫೀಲ್ಡ್ ಬೇಸ್‌ಬಾಲ್ ಮೈದಾನದ ಇಟ್ಟಿಗೆ ಗೋಡೆಗಳ ಮೇಲೆ ಜನ ಸೀಮೆಸುಣ್ಣದಿಂದ ಹೆಸರು ಬರೆದರು. ಅವುಗಳಲ್ಲಿ ತೀರಿಹೋದ ಅಪ್ಪಂದಿರ, ಅಜ್ಜಿಯರ, ಗೆಳೆಯರ ಹೆಸರುಗಳಿದ್ದವು. ಷಿಕಾಗೊ ಕಬ್ಸ್ ತಂಡ ಅದಕ್ಕೂ ಮೊದಲು ಚಾಂಪಿಯನ್ ಆಗಿದ್ದು 1908ರಲ್ಲಿ. ಅದರ ಮರುವರ್ಷ ಹುಟ್ಟಿ ನೂರು ದಾಟಿ ಬದುಕಿದವರಿಗೂ ತಮ್ಮ ತಂಡದ ಗೆಲುವು ನೋಡುವ ಭಾಗ್ಯ ಸಿಕ್ಕಿರಲಿಲ್ಲ. ಕೊನೆಗೆ 108 ವರ್ಷಗಳ ನಂತರ ಪ್ರಶಸ್ತಿ ಬಂತು. ಆ ನಿರ್ಣಾಯಕ ಪಂದ್ಯದ ಕಾಮೆಂಟರಿಯನ್ನು ಒಬ್ಬ ಅಭಿಮಾನಿ ತನ್ನ ತಂದೆಯ ಸಮಾಧಿಯ ಪಕ್ಕ ಕುಳಿತು ಕೇಳಿದರು.

ಆ ಆಟಗಾರರ ಜೊತೆ ಒಂದು ದಿನವೂ ಆಡದವರು, ತಂಡದಿಂದ ಒಂದು ಪೈಸೆಯೂ ಪಡೆಯದವರು ಹೀಗೇಕೆ ಮಾಡುತ್ತಾರೆ? 'ಬರೀ ಆಟ ತಾನೆ, ಅದಕ್ಕೆ ಅಳೋದೇನಿದೆ' ಅನ್ನುವವರು ಬೇಕಾದಷ್ಟು ಇದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಬರ ನೀಗಿದ ರಾತ್ರಿ ಅಭಿಮಾನಿಯೊಳಗೆ ನಡೆಯುವುದು ಸಣ್ಣ ಸಂಗತಿಯಲ್ಲ.

ಮೊದಲು ಲೆಕ್ಕ ನೋಡೋಣ. ಉದ್ದನೆಯ ಬರಕ್ಕೆ ಅಭಿಮಾನಿಗಳು ಶಾಪದ ಕಥೆ ಕಟ್ಟುತ್ತಾರೆ. ಬಾಸ್ಟನ್ ರೆಡ್ ಸಾಕ್ಸ್ ಬೇಸ್‌ಬಾಲ್ ತಂಡ 1918ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಿತು. ಮುಂದೆ ಬೇಬ್ ರೂತ್ ಎಂಬ ದೊಡ್ಡ ಆಟಗಾರನನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಿತು. ಮುಂದಿನ ಗೆಲುವು ಬಂದದ್ದು 2004ರಲ್ಲಿ, ಅಂದರೆ 86 ವರ್ಷಗಳ ನಂತರ. ಮಾರಿದ್ದಕ್ಕೇ ಶಾಪ ತಟ್ಟಿತು ಎಂದರು. ಕಬ್ಸ್ ವಿಷಯದಲ್ಲಿ, 1945ರಲ್ಲಿ ಮೇಕೆಯ ಜೊತೆ ಬಂದವನೊಬ್ಬನನ್ನು ಮೈದಾನದಿಂದ ಹೊರಗೆ ಕಳಿಸಿದ್ದೇ ಶಾಪವಾಯಿತು ಎಂದರು. ಆದರೆ 30 ಸಮಬಲದ ತಂಡಗಳಿರುವ ಲೀಗ್ ಒಂದನ್ನು ಊಹಿಸಿಕೊಳ್ಳಿ. ಪ್ರತಿ ವರ್ಷ ಚಾಂಪಿಯನ್ ಆಯ್ಕೆ ಚೀಟಿ ಎತ್ತಿದಂತೆ ನಡೆಯುತ್ತದೆ ಎಂದಿಟ್ಟುಕೊಳ್ಳಿ. ಒಂದು ತಂಡ ಸತತ 100 ವರ್ಷ ಗೆಲ್ಲದೇ ಇರುವ ಸಾಧ್ಯತೆ ಶೇ 3ಕ್ಕಿಂತ ಸ್ವಲ್ಪ ಜಾಸ್ತಿ. ತಂಡಗಳು 30 ಇವೆಯಲ್ಲ, ಹಾಗಾಗಿ ಅವುಗಳಲ್ಲಿ ಒಂದಾದರೂ ಅಂಥ ಬರಕ್ಕೆ ಸಿಕ್ಕಿದರೆ ಆಶ್ಚರ್ಯಪಡಬೇಕಿಲ್ಲ. ಎಂಟೇ ತಂಡಗಳ ಲೀಗ್‌ನಲ್ಲೂ ಒಂದು ತಂಡ ಸತತ 17 ವರ್ಷ ಬರಿಗೈಯಲ್ಲಿ ಇರುವ ಸಾಧ್ಯತೆ ಸುಮಾರು ಶೇ 10. ನಿಜ ಜೀವನದಲ್ಲಿ ತಂಡಗಳು ಸಮಬಲ ಇರುವುದಿಲ್ಲ. ಕೆಟ್ಟ ಆಡಳಿತ ಬರವನ್ನು ಇನ್ನಷ್ಟು ಎಳೆಯುತ್ತದೆ. ಆದರೂ ಬರ ಹುಟ್ಟುವುದಕ್ಕೆ ಶಾಪವೇನೂ ಬೇಕಾಗಿಲ್ಲ.

ಈ ಲೆಕ್ಕದಲ್ಲಿ ಇನ್ನೊಂದು ವಿಷಯ ಅಡಗಿದೆ. ಚೀಟಿಗೆ ಹಳೆಯದು ನೆನಪಿರುವುದಿಲ್ಲ. ಇಷ್ಟು ವರ್ಷ ಸೋತಿದ್ದೀರಿ, ಈ ಸಲ ನಿಮ್ಮ ಸರದಿ ಎಂದು ಅದು ಹೇಳುವುದಿಲ್ಲ. ನೆನಪಿರುವುದು ಅಭಿಮಾನಿಗೆ ಮಾತ್ರ. ಅವನಿಗೆ ಪ್ರತಿ ಸೀಸನ್ ಹಿಂದಿನ ಎಲ್ಲ ಸೀಸನ್‌ಗಳ ಮುಂದುವರಿಕೆ. ಬರಕ್ಕೆ ಅರ್ಥ ಬರುವುದು ಈ ನೆನಪಿನಿಂದಲೇ ಎಂಬುದು ನನ್ನ ನಂಬಿಕೆ. ಕಪ್ ಬರುವುದು ಒಂದು ದಿನ. ಆದರೆ ಅದು ಬದಲಿಸುವುದು ಹಿಂದಿನ ಹತ್ತಾರು ವರ್ಷಗಳನ್ನು.

ಹಾಗಾದರೆ ಅಷ್ಟು ವರ್ಷ ಅವರು ಬಿಟ್ಟುಹೋಗುವುದಿಲ್ಲ ಯಾಕೆ? ಗೆಲ್ಲುವ ತಂಡದ ಜೊತೆ ಗುರುತಿಸಿಕೊಳ್ಳಲು ಎಲ್ಲರಿಗೂ ಇಷ್ಟ. ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇದನ್ನು ಅಳೆದರು. ತಮ್ಮ ಫುಟ್‌ಬಾಲ್ ತಂಡ ಗೆದ್ದ ವಾರಾಂತ್ಯದ ನಂತರದ ಸೋಮವಾರ, ವಿಶ್ವವಿದ್ಯಾಲಯದ ಹೆಸರಿರುವ ಬಟ್ಟೆ ತೊಟ್ಟು ಬರುವ ವಿದ್ಯಾರ್ಥಿಗಳು ಜಾಸ್ತಿ ಇರುತ್ತಿದ್ದರು. ಸೋತಾಗ ದೂರ ಸರಿಯುವುದೂ ಅಷ್ಟೇ ಸಹಜ. ಆದರೆ 1990ರಲ್ಲಿ ಡೇನಿಯಲ್ ವಾನ್ ಮತ್ತು ನೈಲಾ ಬ್ರಾನ್ಸ್‌ಕೂಂಬ್ ಪ್ರಕಟಿಸಿದ ಅಧ್ಯಯನ ಒಂದು ವ್ಯತ್ಯಾಸ ತೋರಿಸಿತು. ತಂಡದ ಜೊತೆ ಗಾಢವಾಗಿ ಗುರುತಿಸಿಕೊಂಡವರು ಸೋಲಿನಲ್ಲಿ ಅಷ್ಟಾಗಿ ದೂರ ಹೋಗುವುದಿಲ್ಲ. ಗಾಳಿ ಬಂದ ಕಡೆ ತೂರಿಕೊಳ್ಳುವವರು ಬರದ ಮೊದಲ ವರ್ಷಗಳಲ್ಲೇ ಕಳಚಿಕೊಳ್ಳುತ್ತಾರೆ. ಉಳಿಯುವವರಿಗೆ ತಂಡ ಅವರ 'ನಾನು' ಎಂಬುದರ ಒಂದು ಭಾಗವೇ ಆಗಿರುತ್ತದೆ.

ಕೂದಲೆಳೆಯ ಸೋಲುಗಳೂ ಹಿಡಿದಿಡುತ್ತವೆ. ಕೇಂಬ್ರಿಜ್‌ನಲ್ಲಿ ಲ್ಯೂಕ್ ಕ್ಲಾರ್ಕ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜೂಜಿನ ಯಂತ್ರದಂಥ ಆಟವನ್ನು ಜನರಿಗೆ ಕೊಟ್ಟು ಮಿದುಳಿನ ಸ್ಕ್ಯಾನ್ ಮಾಡಿದರು. ಇನ್ನೇನು ಗೆದ್ದೆ ಎನ್ನುವಷ್ಟರಲ್ಲಿ ಸೋತಾಗ, ನಿಜವಾಗಿ ಗೆದ್ದಾಗ ಚುರುಕಾಗುವ ಭಾಗಗಳೇ ಚುರುಕಾದವು. ಆ ಅನುಭವ ಹಿತವಾಗಿರಲಿಲ್ಲ. ಆದರೂ ಇನ್ನೊಮ್ಮೆ ಆಡಬೇಕೆಂಬ ಆಸೆ ಹೆಚ್ಚಿತು. ದಕ್ಷಿಣ ಆಫ್ರಿಕಾದ ಕ್ರಿಕೆಟ್ ಅಭಿಮಾನಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1999ರ ವಿಶ್ವಕಪ್ ಸೆಮಿಫೈನಲ್ ಟೈ ಆಯಿತು, ಫೈನಲ್‌ಗೆ ಆಸ್ಟ್ರೇಲಿಯಾ ಹೋಯಿತು. 2024ರ ಟಿ20 ವಿಶ್ವಕಪ್ ಫೈನಲ್‌ನಲ್ಲಿ 30 ಎಸೆತಕ್ಕೆ 30 ರನ್ ಬೇಕಿತ್ತು, ಆರು ವಿಕೆಟ್ ಕೈಯಲ್ಲಿದ್ದವು. ಭಾರತದ ಎದುರು 7 ರನ್‌ಗಳಿಂದ ಸೋತರು. ಹತ್ತಿರ ಹೋಗಿ ಬಿದ್ದವನಿಗೆ ಮುಂದಿನ ಸಲದ ಆಸೆ ಇನ್ನೂ ಬಲವಾಗುತ್ತದೆ.

ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಒಟ್ಟಿಗೆ ನೋವು ತಿನ್ನುವುದು. ಮಾರ್ತಾ ನ್ಯೂಸನ್ ಮತ್ತು ಸಂಗಡಿಗರು ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಅಭಿಮಾನಿಗಳನ್ನು ಅಧ್ಯಯನ ಮಾಡಿದರು. ಒಂದು ದಶಕದ ಫಲಿತಾಂಶ ನೋಡಿ ಅತಿ ಯಶಸ್ವಿಯಾದ ಐದು ಕ್ಲಬ್, ಅತಿ ಕಡಿಮೆ ಯಶಸ್ಸು ಕಂಡ ಐದು ಕ್ಲಬ್ ಆರಿಸಿಕೊಂಡರು. 700ಕ್ಕೂ ಹೆಚ್ಚು ಅಭಿಮಾನಿಗಳನ್ನು ಪ್ರಶ್ನಿಸಿದರು. ಪರಸ್ಪರ ಬಂಧ ಗಟ್ಟಿಯಾಗಿದ್ದದ್ದು ಸೋಲುವ ಕ್ಲಬ್‌ಗಳ ಅಭಿಮಾನಿಗಳಲ್ಲಿ. ನಿಮ್ಮ ತಂಡದ ಇತರ ಅಭಿಮಾನಿಗಳನ್ನು ಉಳಿಸಲು ನಿಮ್ಮ ಪ್ರಾಣ ಕೊಡುತ್ತೀರಾ ಎಂಬ ಕಾಲ್ಪನಿಕ ಪ್ರಶ್ನೆಗೂ ಅವರೇ ಹೆಚ್ಚಾಗಿ ಹೌದು ಎಂದರು. ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಮಾತಲ್ಲಿ ಹೌದು ಅನ್ನುವುದು ಬೇರೆ, ಮಾಡುವುದು ಬೇರೆ. ಅದು ನಿಜ. ಆದರೆ ಸೋಲು ಅಭಿಮಾನಿಗಳನ್ನು ಚದುರಿಸುವ ಬದಲು ಬೆಸೆಯುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಸಿಗುವುದು ಕಷ್ಟ. ಕಷ್ಟ ಹಂಚಿಕೊಂಡವರು ಒಬ್ಬರನ್ನೊಬ್ಬರು ಮನೆಯವರಂತೆ ಕಾಣತೊಡಗುತ್ತಾರೆ. ಎಷ್ಟೋ ಸಲ ಅವರು ನಿಜಕ್ಕೂ ಮನೆಯವರೇ ಆಗಿರುತ್ತಾರೆ. ತಂಡದ ಹುಚ್ಚು ಅಪ್ಪನಿಂದ ಮಗಳಿಗೆ, ಅಣ್ಣನಿಂದ ತಮ್ಮನಿಗೆ ಹೋಗುತ್ತದೆ. ಅರ್ಜೆಂಟೀನಾ 2022ರಲ್ಲಿ ಫುಟ್‌ಬಾಲ್ ವಿಶ್ವಕಪ್ ಗೆದ್ದಾಗ 36 ವರ್ಷ ಕಳೆದಿತ್ತು. ಬೀದಿಗಿಳಿದು ಕುಣಿದವರಲ್ಲಿ 1986ರ ಗೆಲುವಿನ ಹೊತ್ತಿಗೆ ಹುಟ್ಟಿಯೇ ಇರದವರು ಎಷ್ಟೋ ಜನ. ಆ ಗೆಲುವು ಅವರಿಗೆ ದೊಡ್ಡವರ ಬಾಯಲ್ಲಿ ಕೇಳಿ ಬಂದದ್ದು. ಗೆದ್ದ ಕಥೆಯೂ ನಂತರದ ಸೋಲುಗಳೂ ಎರಡೂ ಆಸ್ತಿಯಂತೆ ಕೈಬದಲಾಗಿದ್ದವು.

ಈಗ ಗೆದ್ದ ಕ್ಷಣಕ್ಕೆ ಬರೋಣ. ನರವಿಜ್ಞಾನಿ ವುಲ್ಫ್ರಾಮ್ ಷುಲ್ಟ್ಸ್ ಕೋತಿಗಳ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುವ ನರಕೋಶಗಳನ್ನು ಹಲವು ವರ್ಷ ಗಮನಿಸಿದರು. ಹಣ್ಣಿನ ರಸ ಅನಿರೀಕ್ಷಿತವಾಗಿ ಸಿಕ್ಕಾಗ ಆ ಕೋಶಗಳು ಜೋರಾಗಿ ಮಿಡಿದವು. ಸಿಗುತ್ತದೆ ಎಂದು ಮೊದಲೇ ಗೊತ್ತಿದ್ದಾಗ ಸಿಕ್ಕ ರಸಕ್ಕೆ ಹೆಚ್ಚೇನೂ ಪ್ರತಿಕ್ರಿಯೆ ಇರಲಿಲ್ಲ. ಸಿಗಬೇಕಾದದ್ದು ಸಿಗದಿದ್ದಾಗ ಮಿಡಿತ ಇಳಿಯಿತು. ಅಂದರೆ ಮಿದುಳು ಅಳೆಯುವುದು ಸಿಕ್ಕದ್ದಕ್ಕೂ ನಿರೀಕ್ಷೆಗೂ ಇರುವ ಅಂತರವನ್ನು. ವರ್ಷ ಬಿಟ್ಟು ವರ್ಷ ಗೆಲ್ಲುವ ತಂಡದ ಅಭಿಮಾನಿಗೆ ಇನ್ನೊಂದು ಕಪ್ ನಿರೀಕ್ಷೆಯ ಒಳಗೇ ಇರುತ್ತದೆ. ಬರದಲ್ಲಿ ಬೆಳೆದವನು ಕೊನೆಯ ಓವರಿನಲ್ಲೂ ಏನೋ ಎಡವಟ್ಟಾಗುತ್ತದೆ ಎಂದೇ ಕಾಯುತ್ತಾನೆ. ಅವನ ಅಂತರ ತುಂಬಾ ದೊಡ್ಡದು. ಕೋತಿಯ ಪ್ರಯೋಗದಿಂದ ಮನುಷ್ಯನ ಇಡೀ ಸಂತೋಷವನ್ನು ವಿವರಿಸಲಾಗದು. ಆದರೂ ದೀರ್ಘ ಬರದ ನಂತರದ ಗೆಲುವು ಯಾಕೆ ಅಷ್ಟು ಜೋರಾಗಿ ಬಡಿಯುತ್ತದೆ ಎಂಬುದರ ಒಂದು ಎಳೆ ಇಲ್ಲಿದೆ.

ದೇಹವೂ ಸುಮ್ನೆ ಕೂರುವುದಿಲ್ಲ. 1994ರ ಫುಟ್‌ಬಾಲ್ ವಿಶ್ವಕಪ್ ಫೈನಲ್ ನೋಡುತ್ತಿದ್ದ ಬ್ರೆಜಿಲ್ ಮತ್ತು ಇಟಲಿ ಅಭಿಮಾನಿಗಳ ಜೊಲ್ಲು ಪರೀಕ್ಷಿಸಿದಾಗ, ಗೆದ್ದ ಬ್ರೆಜಿಲ್ ಕಡೆಯವರಲ್ಲಿ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ಏರಿತ್ತು, ಇಟಲಿ ಕಡೆಯವರಲ್ಲಿ ಇಳಿದಿತ್ತು. ಅದು ಕೆಲವೇ ಜನರ ಮೇಲೆ ನಡೆದ ಪ್ರಯೋಗ. 2006ರ ವಿಶ್ವಕಪ್ ಸಮಯದಲ್ಲಿ ಮ್ಯೂನಿಕ್ ಪ್ರದೇಶದಲ್ಲಿ ಜರ್ಮನಿ ಆಡಿದ ದಿನಗಳಂದು ಹೃದಯದ ತುರ್ತು ಪ್ರಕರಣಗಳು ಸಾಮಾನ್ಯ ದಿನಗಳ 2.66 ಪಟ್ಟು ಆಗಿದ್ದವು. ನೋಡುವವರ ದೇಹ ಆಡುವವರ ಜೊತೆಗೇ ಓಡುತ್ತಿರುತ್ತದೆ.

ಗುಂಪು ಸೇರಿದಾಗ ಇದೆಲ್ಲ ಇನ್ನೂ ಹೆಚ್ಚುತ್ತದೆ. ಸಾವಿರಾರು ಜನ ಒಂದೇ ಕ್ಷಣಕ್ಕೆ ಒಂದೇ ಕೂಗು ಹಾಕಿದಾಗ ಒಬ್ಬೊಬ್ಬರೂ ತಮ್ಮನ್ನು ಮರೆತು ದೊಡ್ಡದೊಂದರಲ್ಲಿ ಸೇರಿಹೋಗುತ್ತಾರೆ ಎಂದು ಫ್ರೆಂಚ್ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1912ರಲ್ಲೇ ಧಾರ್ಮಿಕ ಆಚರಣೆಗಳ ಬಗ್ಗೆ ವಾದಿಸಿದ್ದರು. ಆ ಮಾತು ಕ್ರೀಡೆಗೂ ಹೊಂದುತ್ತದೆ. ಆದರೆ ಅಷ್ಟು ದೊಡ್ಡ ಸಂತೋಷಕ್ಕೆ ಅಷ್ಟೇ ದೊಡ್ಡ ಎಚ್ಚರವೂ ಬೇಕು. 2025ರ ಜೂನ್ 3ರಂದು ಆರ್‌ಸಿಬಿ ಪಂಜಾಬ್ ಕಿಂಗ್ಸ್ ಎದುರು 6 ರನ್‌ಗಳಿಂದ ಗೆದ್ದು 18ನೇ ಸೀಸನ್‌ನಲ್ಲಿ ಮೊದಲ ಸಲ ಐಪಿಎಲ್ ಕಪ್ ಎತ್ತಿತು. 'ಈ ಸಲ ಕಪ್ ನಮ್ದೇ' ಎಂದು ವರ್ಷಗಟ್ಟಲೆ ಕೂಗಿದವರ ಮಾತು ಕೊನೆಗೂ ನಿಜವಾಯಿತು. ಮರುದಿನ ಸಂಭ್ರಮಕ್ಕೆ ಸೇರಿದ ಜನರ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ದೀರ್ಘ ಬರ ಮುಗಿದಾಗ ಬರುವ ಜನಸಾಗರವನ್ನು ಮೊದಲೇ ಊಹಿಸಬಹುದು. ಅದಕ್ಕೆ ಸಿದ್ಧರಾಗುವುದು ಸಂಘಟಕರ ಹೊಣೆ.

ಡೋಪಮೈನ್ ಮಿಡಿತ ಸೆಕೆಂಡುಗಳ ಮಾತು. ಹಾರ್ಮೋನು ಇಳಿದುಹೋಗುತ್ತದೆ. ಹಾಗಾಗಿ ಇವು ಸಮಾಧಿಯ ಪಕ್ಕ ಕುಳಿತವರನ್ನು ವಿವರಿಸುವುದಿಲ್ಲ. ಅದಕ್ಕೆ ನೆನಪಿನ ವಿಜ್ಞಾನ ಬೇಕು. 1993ರಲ್ಲಿ ಡೇನಿಯಲ್ ಕಾನಮನ್ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಜನ ಒಮ್ಮೆ 14 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 60 ಸೆಕೆಂಡು ಕೈ ಇಟ್ಟರು. ಇನ್ನೊಮ್ಮೆ ಅದೇ 60 ಸೆಕೆಂಡಿನ ಮೇಲೆ ಇನ್ನೂ 30 ಸೆಕೆಂಡು ಇಟ್ಟರು. ಆ ಕೊನೆಯ 30 ಸೆಕೆಂಡಿನಲ್ಲಿ ನೀರನ್ನು ನಿಧಾನವಾಗಿ 15 ಡಿಗ್ರಿಗೆ ಏರಿಸಲಾಯಿತು. ಯಾವುದನ್ನು ಮತ್ತೆ ಮಾಡುತ್ತೀರಿ ಎಂದಾಗ ಹೆಚ್ಚಿನವರು ಉದ್ದನೆಯದನ್ನೇ ಆರಿಸಿದರು. ಅದರಲ್ಲಿ ಒಟ್ಟು ನೋವು ಜಾಸ್ತಿ ಇತ್ತು, ಆದರೆ ಕೊನೆ ಚೆನ್ನಾಗಿತ್ತು. ನೆನಪು ನೋವಿನ ಉದ್ದವನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ತುತ್ತತುದಿಯ ಕ್ಷಣವನ್ನೂ ಮುಗಿದ ರೀತಿಯನ್ನೂ ಹಿಡಿಯುತ್ತದೆ.

ಒಂದೂವರೆ ನಿಮಿಷದ ತಣ್ಣೀರಿನಿಂದ ಒಂದು ಜೀವಮಾನದ ಕಾಯುವಿಕೆಗೆ ಹೋಗುವುದು ದೊಡ್ಡ ಜಿಗಿತ, ಒಪ್ಪುತ್ತೇನೆ. ಆದರೆ ಬರ ನೀಗಿದಾಗ ಆಗುವುದು ಇದೇ ದಿಕ್ಕಿನದು ಎಂದು ನನಗೆ ಅನಿಸುತ್ತದೆ. ಮೊನ್ನೆವರೆಗೆ ವ್ಯರ್ಥ ಅನಿಸಿದ್ದ ವರ್ಷಗಳು ಒಮ್ಮೆಲೇ ಒಂದು ಕಥೆಯ ಭಾಗಗಳಾಗುತ್ತವೆ. 2009, 2011, 2016ರ ಫೈನಲ್ ಸೋಲುಗಳು ಆರ್‌ಸಿಬಿ ಅಭಿಮಾನಿಗೆ ಈಗ ಗಾಯವಾಗಿ ಉಳಿದಿಲ್ಲ, ಹೆಮ್ಮೆಯಿಂದ ಹೇಳಿಕೊಳ್ಳುವ ಗುರುತುಗಳಾಗಿವೆ. ಅಪ್ಪನ ಜೊತೆ ನೋಡಿ ಬೇಸರಪಟ್ಟ ಪಂದ್ಯಗಳು ಕೂಡ ಹಾಗೇ. ಸೋತ ಪಂದ್ಯವೊಂದು ಅಪ್ಪನ ಜೊತೆ ನೋಡಿದ ಕೊನೆಯ ಪಂದ್ಯವಾಗಿದ್ದರೆ, ಮಗಳಿಗೆ ಅದನ್ನು ನೆನಪಿಸಿಕೊಳ್ಳುವುದೇ ಸಂಕಟ. ಗೆಲುವು ಬಂದ ಮೇಲೆ ಆ ನೆನಪಿಗೆ ಹೋಗುವ ದಾರಿ ತೆರೆದುಕೊಳ್ಳುತ್ತದೆ. ಅವರು ಅಳುವುದು ಇದಕ್ಕೇ ಎಂದು ನಾನು ತಿಳಿದಿದ್ದೇನೆ.

ಈ ಸಂತೋಷ ಉಳಿಯುತ್ತದೆಯೇ? ನಾವು ಅಂದುಕೊಂಡಷ್ಟು ದಿನ ಉಳಿಯುವುದಿಲ್ಲ. ಟಿಮೊತಿ ವಿಲ್ಸನ್, ಡೇನಿಯಲ್ ಗಿಲ್ಬರ್ಟ್ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದಂತೆ, ಫುಟ್‌ಬಾಲ್ ಪಂದ್ಯದ ಫಲಿತಾಂಶ ತಮ್ಮ ಮನಸ್ಸನ್ನು ಎಷ್ಟು ಕಾಲ ಹಿಡಿದಿಡುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಅತಿಯಾಗಿ ಅಂದಾಜಿಸಿದ್ದರು. ಪರೀಕ್ಷೆ, ಕೆಲಸ, ಜಗಳ, ನಿದ್ದೆ ಎಲ್ಲ ವಾಪಸ್ ಬರುತ್ತವೆ. ಆದರೆ ನೆನಪಿನ ಕಥೆ ಬೇರೆ. ರೆಡ್ ಸಾಕ್ಸ್ ಮತ್ತು ಯಾಂಕೀಸ್ 2003ರಲ್ಲೂ 2004ರಲ್ಲೂ ವರ್ಲ್ಡ್ ಸೀರೀಸ್‌ಗೆ ಮುಂಚಿನ ಸುತ್ತಾದ ಅಮೆರಿಕನ್ ಲೀಗ್‌ನ ಚಾಂಪಿಯನ್‌ಶಿಪ್‌ಗಾಗಿ ಎದುರಾದವು. ಮೊದಲನೆಯದನ್ನು ಯಾಂಕೀಸ್, ಎರಡನೆಯದನ್ನು ರೆಡ್ ಸಾಕ್ಸ್ ಗೆದ್ದಿತು. ಕೆಲವು ವರ್ಷಗಳ ನಂತರ 1500ಕ್ಕೂ ಹೆಚ್ಚು ಅಭಿಮಾನಿಗಳನ್ನು ಕೇಳಿದಾಗ, ಎರಡೂ ಕಡೆಯವರು ತಮ್ಮ ತಂಡ ಗೆದ್ದ ಪಂದ್ಯವನ್ನೇ ಹೆಚ್ಚು ಸರಿಯಾಗಿ ನೆನಪಿಟ್ಟುಕೊಂಡಿದ್ದರು. ಅದನ್ನು ಮತ್ತೆ ಮತ್ತೆ ಮೆಲುಕು ಹಾಕಿದ್ದೇ ಕಾರಣ ಎಂದು ಸಂಶೋಧಕರು ವಾದಿಸಿದರು. ಇದಕ್ಕೆ ಇನ್ನೊಂದು ಮುಖವಿದೆ. ಎಲಿಜಬೆತ್ ಕೆನ್ಸಿಂಗರ್ ಮತ್ತು ಡೇನಿಯಲ್ ಷಾಕ್ಟರ್ 2004ರ ಪಂದ್ಯದ ಬಗ್ಗೆಯೇ ನಡೆಸಿದ ಅಧ್ಯಯನದಲ್ಲಿ, ಗೆದ್ದ ಕಡೆಯವರ ನೆನಪಿನಲ್ಲಿ ಏರುಪೇರು ಜಾಸ್ತಿ ಇತ್ತು. ಆದರೆ ತಮ್ಮ ನೆನಪು ಸರಿ ಎಂಬ ವಿಶ್ವಾಸವೂ ಅವರಿಗೇ ಜಾಸ್ತಿ. ಖುಷಿಯ ಕಥೆ ಹೇಳಿದಷ್ಟೂ ಗಟ್ಟಿಯಾಗುತ್ತದೆ, ಹೇಳುವಾಗ ಸ್ವಲ್ಪ ರೂಪವೂ ಬದಲಾಗುತ್ತದೆ ಅನ್ನಿಸುತ್ತದೆ.

ರೆಡ್ ಸಾಕ್ಸ್ ನಂತರ 2007, 2013, 2018ರಲ್ಲೂ ಗೆದ್ದಿತು. ಆದರೆ ಸಮಾಧಿಗಳ ಮೇಲೆ ಪತ್ರಿಕೆ, ಬಾವುಟ ಇಟ್ಟು ಬಂದ ಸುದ್ದಿ ದೇಶವೆಲ್ಲ ಹರಡಿದ್ದು 2004ರಲ್ಲಿ. ಬರದಲ್ಲಿ ಕಾದವರಿಗೆ ಮಾತ್ರ ಸಿಗುವಂಥದ್ದೇನೋ ಮೊದಲ ಗೆಲುವಿನಲ್ಲಿದೆ, ಅದು ಎರಡನೇ ಸಲ ಸಿಗುವುದಿಲ್ಲ.

ಸೋತ ಕಡೆಯವರನ್ನೂ ಮರೆಯಬಾರದು. 2024ರಲ್ಲಿ ಆ 7 ರನ್‌ಗಳಿಂದ ಭಾರತದ 17 ವರ್ಷಗಳ ಟಿ20 ವಿಶ್ವಕಪ್ ಬರ ಮುಗಿಯಿತು. ದಕ್ಷಿಣ ಆಫ್ರಿಕಾ ಇನ್ನೂ ಒಂದು ವರ್ಷ ಕಾದು, 2025ರ ಜೂನ್ 14ರಂದು ಲಾರ್ಡ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು ಮಣಿಸಿ ಟೆಸ್ಟ್ ಚಾಂಪಿಯನ್ ಆಯಿತು. 1998ರ ನಂತರ ಅದಕ್ಕೆ ಸಿಕ್ಕ ಮೊದಲ ಐಸಿಸಿ ಟ್ರೋಫಿ ಅದು. ಆರ್‌ಸಿಬಿ ಗೆದ್ದ ರಾತ್ರಿ ಎದುರಿಗಿದ್ದ ಪಂಜಾಬ್ ಕೂಡ ಮೊದಲ ಸೀಸನ್‌ನಿಂದ ಆಡುತ್ತಾ ಒಂದೂ ಕಪ್ ಕಾಣದ ತಂಡ. ಕಬ್ಸ್ 2016ರಲ್ಲಿ ಸೋಲಿಸಿದ್ದು ಕ್ಲೀವ್‌ಲ್ಯಾಂಡ್ ತಂಡವನ್ನು. ನಿರ್ಣಾಯಕ ಪಂದ್ಯ ಅವರ ಸ್ವಂತ ಮೈದಾನದಲ್ಲೇ ನಡೆದು, ಬೇಸ್‌ಬಾಲ್‌ನ ಮಾಮೂಲಿ ಒಂಬತ್ತು ಇನಿಂಗ್ಸ್ ಸಾಲದೆ ಹತ್ತನೆಯದಕ್ಕೆ ಹೋಗಿ 8–7ರಲ್ಲಿ ಮುಗಿಯಿತು. ಕ್ಲೀವ್‌ಲ್ಯಾಂಡ್ ಕೊನೆಯ ಸಲ ಗೆದ್ದದ್ದು 1948ರಲ್ಲಿ. 2025ರ ಸೀಸನ್ ಮುಗಿದಾಗಲೂ ಅವರು ಕಾಯುತ್ತಲೇ ಇದ್ದರು.