ಸ್ಪೈರಲ್ ಬೈಂಡಿಂಗ್ ಮಾಡಿಸಿದರೆ ಸಾಲದು

ಪರಿಸರ ಅಧ್ಯಯನದ ಪ್ರಾಜೆಕ್ಟ್ ವರದಿ ಕೈಗೆ ಬಂದರೆ ನಾನು ಮೊದಲು ತೆಗೆಯುವುದು ಕೊನೆಯ ಪುಟ. ವಿಷಯ ಕೆರೆ ಇರಲಿ, ಕಸ ಇರಲಿ, ಕಬ್ಬಿನ ಗದ್ದೆ ಇರಲಿ, ಅಲ್ಲಿ ಒಂದೇ ಸಾಲು: 'ಜನರಲ್ಲಿ ಜಾಗೃತಿ ಮೂಡಿಸಬೇಕು.' ಅದು ಕಂಡರೆ ಸಾಕು, ಒಳಗೇನಿದೆ ಅಂತ ಗೊತ್ತಾಗಿಬಿಡುತ್ತದೆ. ಕೆಮಿಸ್ಟ್ರಿ ಹುಡುಗನದ್ದು ಒಂದು ಅಧ್ಯಾಯ. ಜುವಾಲಜಿ ಹುಡುಗಿಯದ್ದು ಒಂದು. ಎಕನಾಮಿಕ್ಸ್‌ನವರ ಪ್ರಶ್ನಾವಳಿ. ಕಾನೂನು ಅಂತ ಇಂಟರ್‌ನೆಟ್‌ನಿಂದ ಇಳಿಸಿದ ಎರಡು ಪುಟ. 'ಇಂಟರ್‌ಡಿಸಿಪ್ಲಿನರಿ ಮಾಡಿದ್ದೀವಿ ಸರ್' ಅಂತ, ಅಂದರೆ ಹಲವು ಶಾಸ್ತ್ರ ಬೆರೆಸಿದ್ದೀವಿ ಅಂತ, ಖುಷಿಯಾಗಿ ನಿಂತಿರುತ್ತಾರೆ. ಬೈಯೋಕೂ ಮನಸ್ಸು ಬರುವುದಿಲ್ಲ.

ವಕೀಲ ಎಂ.ಸಿ. ಮೆಹ್ತಾ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲೇ ಪರಿಸರವನ್ನು ಪಾಠವಾಗಿ ಕಲಿಸಿ ಎಂದಿತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಎಲ್ಲ ಪದವಿಗೂ ಸೇರಿ ಆರು ತಿಂಗಳ ಪಠ್ಯ ತಂದದ್ದು 2003ರ ಸುಮಾರಿಗೆ. ಆ ಪಠ್ಯದಲ್ಲಿ 50 ತರಗತಿ ಇತ್ತು, ಅದರಲ್ಲಿ 5 ಕ್ಷೇತ್ರಕಾರ್ಯಕ್ಕೆ. ನಮ್ಮ ಮೈಸೂರು, ಮಂಡ್ಯದ ಕಡೆ ಕ್ಷೇತ್ರಕಾರ್ಯ ಎಷ್ಟೋ ಸಲ ರಂಗನತಿಟ್ಟಿನಲ್ಲಿ ದೋಣಿ, ಮೊಸಳೆ, ಸೆಲ್ಫಿ, ಚುರುಮುರಿಯಲ್ಲಿ ಮುಗಿದುಹೋಗುತ್ತದೆ. ಇರಲಿ, ಹೋಗಿಬರುವುದೂ ಒಳ್ಳೆಯದೇ.

ನನ್ನ ತಕರಾರು ಬೇರೆ. ನಾಲ್ಕು ಶಾಸ್ತ್ರದವರು ಒಂದೇ ಕೆರೆಗೆ ಹೋಗುತ್ತಾರೆ, ಒಂದೇ ಬಸ್ಸಿನಲ್ಲಿ ಬರುತ್ತಾರೆ, ಒಬ್ಬರ ಕೆಲಸದಿಂದ ಇನ್ನೊಬ್ಬರ ಕೆಲಸ ಒಂದಿಷ್ಟೂ ಬದಲಾಗಿರುವುದಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ನೀನು ಕಂಡುಕೊಂಡದ್ದು ಪಕ್ಕದವನ ಪ್ರಶ್ನೆಯನ್ನು ತಿದ್ದಬೇಕು. ಅವನ ಪ್ರಶ್ನೆ ಮೊದಲಿದ್ದಂತೆಯೇ ಉಳಿದಿದ್ದರೆ ನೀವಿಬ್ಬರೂ ಸುಮ್ನೆ ಜೊತೆಗೆ ಹೋಗಿ ಬಂದಿದ್ದೀರಿ, ಅಷ್ಟೇ. ಇದನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದರೂ ತಲೆಯಾಡಿಸುತ್ತಾರೆ, ಮತ್ತೆ ಬೈಂಡಿಂಗ್ ಮಾಡಿಸಿಕೊಂಡು ಬರುತ್ತಾರೆ. ಹಾಗಾಗಿ ಒಂದು ತಂಡದ ಕಥೆ ಹೇಳುತ್ತೇನೆ.

ಮಂಡ್ಯದ ಕಡೆ ಒಂದು ಕೆರೆ, ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನದು. ಮೀನು ಸಾಯುತ್ತಿವೆ ಅಂತ ದೂರು. ನಮ್ಮ ಹುಡುಗರು ಬೆಳಗ್ಗೆ ಹನ್ನೊಂದಕ್ಕೆ ತಲುಪಿ ಗಾಜಿನ ಬಾಟಲಿಯಲ್ಲಿ ಗಾಳಿಗುಳ್ಳೆ ಇಲ್ಲದಂತೆ ನೀರು ತುಂಬಿದರು. ನೀರಿನಲ್ಲಿ ಕರಗಿರುವ ಆಮ್ಲಜನಕ ಪರೀಕ್ಷಿಸಲು ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರದ ಅಯೋಡೈಡ್ ಹಾಕಿ ಬಾಟಲಿ ತಿರುವಿದರೆ ಗಾಢ ಕಂದು ಗಸಿ ಇಳಿಯಿತು. ಆಮ್ಲಜನಕ ಇದ್ದರೆ ಕಂದು, ಇಲ್ಲದಿದ್ದರೆ ಬಿಳಿ. ಲ್ಯಾಬಿನಲ್ಲಿ ಟೈಟ್ರೇಶನ್ ಮಾಡಿ ಅಳೆದಾಗ ಆಮ್ಲಜನಕ ಲೀಟರಿಗೆ ಹತ್ತು ಮಿಲಿಗ್ರಾಂ ದಾಟಿತ್ತು. ನಮ್ಮ ಬಿಸಿಲಿಗೆ ನೀರಿನಲ್ಲಿ ಮಾಮೂಲಾಗಿ ಕರಗಿರುವುದು ಏಳೆಂಟು. 'ನೀರು ಚೆನ್ನಾಗಿದೆ ಸರ್' ಅಂತ ಬರೆದೇಬಿಟ್ಟರು.

ಅದೇ ಹೊತ್ತಿಗೆ ಎಕನಾಮಿಕ್ಸ್ ಹುಡುಗಿ ಪ್ರಶ್ನಾವಳಿ ಹಿಡಿದು ಬಲೆ ಹಾಕುವ ಹಿರಿಯರ ಹತ್ತಿರ ಕೂತಿದ್ದಳು. 'ವರ್ಷಕ್ಕೆ ಎಷ್ಟು ಆದಾಯ ತಾತ?' ಅಂತ ಕೇಳಿದರೆ ಅವರು ಬೇರೆಯೇ ಹೇಳಿದರು: 'ಈ ಹೊತ್ನಲ್ಲಿ ಬಂದ್ರೆ ಏನವ್ವ ಗೊತ್ತಾದದು? ಹೊತ್ತುಟ್ಟೋಕ್ ಮುಂಚೆ ಬನ್ನಿ. ಮೀನೆಲ್ಲ ಮೇಲ್ಬಂದು ಬಾಯ್ ಬಾಯ್ ಬುಡ್ತವೆ.' ಪ್ರಶ್ನಾವಳಿಯಲ್ಲಿ ಇದಕ್ಕೆ ಜಾಗ ಇರಲಿಲ್ಲ. ಪುಣ್ಯಕ್ಕೆ ಹಾಳೆಯ ಹಿಂದೆ ಬರೆದುಕೊಂಡಿದ್ದಳು.

ಇದಕ್ಕೆ ಕಾರಣ ಕೆರೆಯ ಪಾಚಿ. ಹಸಿರು ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿ ಅದೇ ಪಾಚಿ ಅದನ್ನು ಉಸಿರಾಡಿ ಮುಗಿಸುತ್ತದೆ. ಹಗಲಿನ ಆ ಹತ್ತು ಒಳ್ಳೆಯ ಸುದ್ದಿಯಲ್ಲ, ಪಾಚಿ ಜಾಸ್ತಿ ಆಗಿದೆ ಅನ್ನುವ ಎಚ್ಚರಿಕೆ. ತಂಡ ಇನ್ನೊಂದು ದಿನ ಕತ್ತಲಿರುವಾಗಲೇ ಹೋಯಿತು. ಈ ಸಲ ಬಾಟಲಿಯಲ್ಲಿ ಇಳಿದದ್ದು ಹೆಚ್ಚುಕಡಿಮೆ ಬಿಳಿ ಗಸಿ. ಆದಾಯ ಕೇಳಲು ಹೋದವಳ ಹಾಳೆಯಿಂದ ಕೆಮಿಸ್ಟ್ರಿಯವನ ಗಡಿಯಾರ ಬದಲಾಯಿತು. ನಾನು ಕೇಳುವುದು ಇಷ್ಟೇ.

ಅಲ್ಲಿಗೂ ಮುಗಿಯಲಿಲ್ಲ. ಪಾಚಿಗೆ ಗೊಬ್ಬರ ಎಲ್ಲಿಂದ? ಭತ್ತದ ಗದ್ದೆಯ ಬಸಿ ನೀರಿನಿಂದಲೇ ಅಂತ ಹುಡುಗರು ಸಿಟ್ಟಾದರು. ಆಗ ಹುಡುಗಿ ಬೆಲೆ ತೆಗೆದಿಟ್ಟಳು: 45 ಕಿಲೋ ಯೂರಿಯಾ ಚೀಲಕ್ಕೆ 266 ರೂಪಾಯಿ ಚಿಲ್ಲರೆ, 50 ಕಿಲೋ ಡಿಎಪಿಗೆ 1,350. ರೈತ ಯಾವುದನ್ನು ಜಾಸ್ತಿ ಚೆಲ್ಲುತ್ತಾನೆ, ಹೇಳಬೇಕಾ? ಇಲ್ಲಿ ಜಾಗೃತಿ ಶಿಬಿರ ಮಾಡಿದರೆ ರೈತ ಕಾಫಿ ಕುಡಿದು ಎದ್ದು ಹೋಗುತ್ತಾನೆ, ಅವನಿಗೆ ನಿಮಗಿಂತ ಚೆನ್ನಾಗಿ ಲೆಕ್ಕ ಗೊತ್ತು. ಆದರೆ ಒಂದು ಎಚ್ಚರ. ಯೂರಿಯಾದಲ್ಲಿರುವುದು ಸಾರಜನಕ, ಡಿಎಪಿಯಲ್ಲಿ ಅದರ ಜೊತೆಗೆ ರಂಜಕವೂ ಇದೆ. ಸಿಹಿನೀರಿನ ಪಾಚಿಗೆ ಸಾಮಾನ್ಯವಾಗಿ ಸಾರಜನಕಕ್ಕಿಂತ ರಂಜಕದ್ದೇ ಹಿಡಿತ, ಅದು ಊರಿನ ಚರಂಡಿಯಿಂದಲೂ ಬರುತ್ತದೆ. ಗದ್ದೆಯ ಬಸಿ ನೀರು, ಚರಂಡಿ ಎರಡನ್ನೂ ಅಳೆಯದೆ ಗದ್ದೆಯವರ ಮೇಲೆ ಹೊರಿಸಬೇಡಿ ಅಂದೆ. ಒಂದು ಕೆರೆಯಲ್ಲಿ ಕಂಡದ್ದನ್ನು ಜಿಲ್ಲೆಗೆಲ್ಲ ಹಚ್ಚಲೂಬೇಡಿ.

ಮದ್ದೂರಿನ ಕೊಕ್ಕರೆ ಬೆಳ್ಳೂರಿಗೆ ಹೋಗುವವರಿಗೂ ಇದೇ ಮಾತು. ಹಕ್ಕಿ ಗೂಡು ಎಣಿಸಿಕೊಂಡು ಬರುತ್ತಾರೆ, ಸಂತೋಷ. ಆ ಗೂಡಿರುವ ಹುಣಸೆ ಮರ ಯಾರದ್ದು ಅಂತ ಕೇಳಿದರೆ ಗೊತ್ತಿಲ್ಲ. ಗೂಡು ಕಟ್ಟಿದ ಮರದಲ್ಲಿ ಹುಣಸೆ ಫಸಲು ಕೈಬಿಟ್ಟ ಹಾಗೇ, ಅದಕ್ಕೇ ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಟ್ಟಿದ್ದು. ಮಾಲೀಕ ಮರ ಕಡಿದರೆ ಮುಂದಿನ ವರ್ಷ ಏನು ಎಣಿಸುತ್ತೀರಿ?

'ಇದು ಸೈನ್ಸಾ, ಆರ್ಟ್ಸಾ ಸರ್? ಕೆಲಸ ಸಿಗುತ್ತಾ?' ಅಂತ ಅಪ್ಪ ಅಮ್ಮಂದಿರು ಕೇಳುತ್ತಾರೆ. ಅದಕ್ಕೆ ಇನ್ನೊಂದು ಅಂಕಣ ಬೇಕು. ಈ ವರ್ಷದ ಮಕ್ಕಳಿಗೆ ಸದ್ಯ ಇಷ್ಟು: ವಿಷಯ ಬರೆದ ಹಾಳೆ ತರುವ ಮೊದಲು ನಾಲೆಗೆ ನೀರು ಬಿಡುವ ತಿಂಗಳು ತಿಳಿದುಕೊಂಡು ಬನ್ನಿ, ಕೆರೆಯ ಮೀನಿನ ಗುತ್ತಿಗೆ ಯಾರ ಹೆಸರಿನಲ್ಲಿದೆ ಅಂತಲೂ. ಮತ್ತೆ ಕಾಲೇಜು ಬಸ್ಸು ಬೆಳಗಿನ ಜಾವ ನಾಲ್ಕೂವರೆಗೆ ಹೊರಡುತ್ತಾ ಅಂತ ಡ್ರೈವರಣ್ಣನನ್ನು ಈಗಲೇ ಕೇಳಿಕೊಳ್ಳಿ. ಪ್ರಿನ್ಸಿಪಾಲರಿಗೆ ಪತ್ರ ನಾನು ಬರೆದುಕೊಡುತ್ತೇನೆ.