ಮಷಿನ್ ಐತಿ, ಜ್ವಾಳಕ್ಕ ರೊಕ್ಕಿಲ್ಲ

‘ಸಾಹೇಬ್ರ, ನೀವು ಲಾಭ ಐತಿ ಅಂತೀರಿ. ಹಂಗಾರ ರೊಕ್ಕ ಎಲ್ಲೈತ್ರಿ?’

ಗದಗ ಕಡೆಯ ಒಂದು ರೊಟ್ಟಿ ಕೇಂದ್ರದ ಅಧ್ಯಕ್ಷೆ ನನ್ನ ಟೇಬಲ್ಲಿನ ಎದುರು ಕೂತು, ನಾನೇ ಸಹಿ ಹಾಕಿದ ಲಾಭ-ನಷ್ಟದ ಹಾಳೆಯನ್ನು ಹಿಂದೆ ಮುಂದೆ ತಿರುವುತ್ತ ಕೇಳಿದ ಪ್ರಶ್ನೆ ಇದು. ಹಾಳೆಯಲ್ಲಿ ಲಾಭ ಇತ್ತು. ಅವರ ಪಾಸ್‌ಬುಕ್ಕಿನಲ್ಲಿ 1,100 ರೂಪಾಯಿ ಚಿಲ್ಲರೆ ಇತ್ತು. ಎರಡೂ ಸುಳ್ಳಲ್ಲ.

ಹುಬ್ಬಳ್ಳಿಯಲ್ಲಿ ಲೆಕ್ಕಪರಿಶೋಧಕನಾಗಿ 20 ವರ್ಷದ ಮೇಲಾಯಿತು. ಅಕ್ಕಿ ಗಿರಣಿ, ಬಟ್ಟೆ ಅಂಗಡಿಗಳ ನಡುವೆ ಕೆಲವು ಬೇರೆ ಥರದ ಕಡತಗಳೂ ನನ್ನ ಕಪಾಟಿನಲ್ಲಿವೆ. ಗಂಡನನ್ನು ಕಳೆದುಕೊಂಡವರ ರೊಟ್ಟಿ ಕೇಂದ್ರ, ಅಂಗವಿಕಲರ ಹೊಲಿಗೆ ಘಟಕ, ಲಂಬಾಣಿ ತಾಂಡಾದ ಕಸೂತಿಯವರು. ಇವುಗಳಿಂದ ನನಗೆ ಬರುವ ಫೀ ಕಡಿಮೆ, ಬರುವ ತಲೆನೋವು ಜಾಸ್ತಿ. ಆದರೂ ಮಾರ್ಚ್ ಬಂದರೆ ಮೊದಲು ಬಿಚ್ಚುವುದು ಇವೇ ಗಂಟುಗಳನ್ನ. ಯಾಕೆ ಅಂತ ನಮ್ಮ ಆಫೀಸಿನ ಹುಡುಗರು ಕೇಳುವುದನ್ನು ಬಿಟ್ಟಿದ್ದಾರೆ.

ಬೆಂಗಳೂರಿನಿಂದ ಒಳ್ಳೆಯ ಮನಸ್ಸಿನ ಹುಡುಗ ಹುಡುಗಿಯರು ಬರುತ್ತಾರೆ. ‘ಸರ್, ಟ್ರಸ್ಟ್ ಮಾಡೋದಾ, ಸೆಕ್ಷನ್ 8 ಕಂಪನಿನಾ, ಸೌಹಾರ್ದನಾ?’ ಅಂತ, ಸಂಸ್ಥೆಯನ್ನು ಯಾವ ಬಗೆಯಲ್ಲಿ ನೋಂದಾಯಿಸಬೇಕು ಅನ್ನುವುದನ್ನೇ ಎರಡು ಗಂಟೆ ಕೊರೆಯುತ್ತಾರೆ. ಅದೆಲ್ಲ ಮಾಡಬಹುದಪ್ಪಾ, ಒಂದು ವಾರದ ಕೆಲಸ. ‘ನೀವು ಇವತ್ತು ಮಾಲು ಕೊಟ್ಟರೆ ದುಡ್ಡು ಯಾವತ್ತು ಬರುತ್ತೆ?’ ಅಂತ ನಾನು ತಿರುಗಿ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಇವತ್ತಿನ ಬರಹ ಇದೊಂದಕ್ಕೇ.

ಅಂದಾಜು ಲೆಕ್ಕ ಹಾಕೋಣ. ದರ ಊರೂರಿಗೆ ಬೇರೆ, ಈ ಅಂಕಿಗಳನ್ನೇ ಹಿಡಿದು ಯಾರಿಗೂ ಕೊಟೇಶನ್ ಕೊಡಬೇಡಿ. ದಿನಕ್ಕೆ 1,000 ಖಡಕ್ ರೊಟ್ಟಿ. ಜೋಳ, ಗಿರಣಿ, ಬಡಿಯುವವರ ಪಗಾರ, ಗ್ಯಾಸು, ಪ್ಯಾಕೆಟ್ಟು ಎಲ್ಲ ಸೇರಿ ಒಂದು ರೊಟ್ಟಿಗೆ 5 ರೂಪಾಯಿ ಬೀಳುತ್ತದೆ ಅಂತಿಟ್ಟುಕೊಳ್ಳಿ. ಅಂಗಡಿಗೆ 6 ರೂಪಾಯಿಗೆ ಕೊಡುತ್ತೀರಿ. ತಿಂಗಳಿಗೆ 26 ದಿನ ಕೆಲಸ, 26,000 ರೂಪಾಯಿ ಲಾಭ. ಎಲ್ಲರಿಗೂ ಖುಷಿ.

ಈಗ ಅಂಗಡಿಯವರು ‘60 ದಿನಕ್ಕೆ ಪೇಮೆಂಟ್’ ಅನ್ನುತ್ತಾರೆ. 60 ದಿನದಲ್ಲಿ ಕೆಲಸದ ದಿನ 52. ದಿನಕ್ಕೆ 5,000ದಂತೆ 2,60,000 ರೂಪಾಯಿ ನಿಮ್ಮ ಕೈಯಿಂದ ಹೋದ ಮೇಲೆ ಮೊದಲ ರೂಪಾಯಿ ಒಳಗೆ ಬರಬೇಕು. ಅದೂ ಆಗುವುದಿಲ್ಲ. ಯಾಕೆಂದರೆ ಅವರು ಬಿಲ್ಲು ತಗೊಳ್ಳುವುದು ತಿಂಗಳ ಕೊನೆಗೆ. 60 ದಿನ ಎಣಿಸುವುದು ಅಲ್ಲಿಂದ. ಒಂದನೇ ತಾರೀಖು ಕೊಟ್ಟ ರೊಟ್ಟಿಯ ದುಡ್ಡು ಬರುವುದು 90 ದಿನಕ್ಕೆ. ಅಷ್ಟರಲ್ಲಿ ನೀವು 78 ದಿನ ರೊಟ್ಟಿ ಬಡಿದಿರುತ್ತೀರಿ. 3,90,000 ರೂಪಾಯಿ.

ಇನ್ನು ಆರ್ಡರ್ ದುಪ್ಪಟ್ಟಾಯಿತು ಅನ್ನಿ. ಊರಲ್ಲೆಲ್ಲ ಪೇಢೆ ಹಂಚುತ್ತಾರೆ. ನನಗೆ ಎದೆ ಝಲ್ಲೆನ್ನುತ್ತದೆ, ಯಾಕೆಂದರೆ ಈಗ ಇನ್ನೊಂದು 3,90,000 ಬೇಕು. ಹಳೆಯ ಆರ್ಡರಿನ 26,000 ಲಾಭವನ್ನು ಒಂದು ಪೈಸೆ ಮುಟ್ಟದೆ ಕೂಡಿಟ್ಟರೆ ಅದಕ್ಕೆ 15 ತಿಂಗಳು. ಹೊಸ ಆರ್ಡರಿನಲ್ಲೂ ಲಾಭ ಇದೆಯಲ್ಲ ಅನ್ನಬೇಡಿ. ಅದೂ ಅಂಗಡಿಯವರ ಹತ್ತಿರವೇ ಇದೆ. ವ್ಯಾಪಾರ ಬೆಳೆದಷ್ಟೂ ನಿಮ್ಮ ಉದ್ರಿ ಬೆಳೆಯುತ್ತದೆ, ಉದ್ರಿ ಬೆಳೆದಷ್ಟೂ ಜೋಳಕ್ಕೆ ರೊಕ್ಕ ಇರುವುದಿಲ್ಲ. ನಷ್ಟದಲ್ಲಿ ಮುಚ್ಚಿದ ಘಟಕಗಳನ್ನು ನಾನು ಕಂಡಿದ್ದೇನೆ. ಲಾಭದಲ್ಲಿದ್ದು ಮುಚ್ಚಿದವು ಅದಕ್ಕಿಂತ ಹೆಚ್ಚು.

ಮಾಲು ಕೊಟ್ಟು ದುಡ್ಡು ಬರುವವರೆಗೆ ಕೈಯಿಂದ ಹಾಕಬೇಕಾದ ಈ ಹಣಕ್ಕೆ ಬ್ಯಾಂಕಿನವರು ದುಡಿಯುವ ಬಂಡವಾಳ ಅನ್ನುತ್ತಾರೆ. ರೊಟ್ಟಿ ಕೇಂದ್ರದ ಅಕ್ಕಂದಿರು ‘ತಿರುಗೋ ರೊಕ್ಕ’ ಅನ್ನುತ್ತಾರೆ. ಅವರ ಮಾತೇ ಸರಿಯಾಗಿದೆ.

ದಾನಿಗಳ ಮೇಲೂ ನನಗೆ ತಕರಾರಿದೆ. ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಮಾಡುತ್ತಾರೆ, ಸಂತೋಷ. ಆದರೆ ಕೊಡುವುದು ಮಷಿನ್. ಮಷಿನ್ನಿಗೆ ಹಿತ್ತಾಳೆ ಫಲಕ ಹೊಡೆಯಬಹುದು, ಟೇಪು ಕತ್ತರಿಸಬಹುದು. ಜೋಳದ ಚೀಲಕ್ಕೆ ಫಲಕ ಹೊಡೆಯಲು ಬರುವುದಿಲ್ಲ, ವಾರದೊಳಗೆ ಅದು ರೊಟ್ಟಿಯಾಗಿ ಯಾರದೋ ಹೊಟ್ಟೆ ಸೇರಿರುತ್ತದೆ.

ಸರ್ಕಾರದ ಯೋಜನೆ ಬರೆದವರಿಗೆ ಇದು ಗೊತ್ತಿತ್ತು ಅನ್ನುವುದಕ್ಕೆ ಒಂದು ಸಾಕ್ಷಿ. 2020ರಲ್ಲಿ ಶುರುವಾದ ಪಿಎಂಎಫ್‌ಎಂಇ, ಅಂದರೆ ಕಿರು ಆಹಾರ ಉದ್ಯಮಗಳ ಯೋಜನೆಯಲ್ಲಿ, ಆಹಾರ ತಯಾರಿಸುವ ಸ್ವಸಹಾಯ ಸಂಘದ ಪ್ರತಿ ಸದಸ್ಯೆಯ ಲೆಕ್ಕಕ್ಕೆ 40,000 ರೂಪಾಯಿವರೆಗೆ ಬೀಜ ಬಂಡವಾಳ ಇಟ್ಟರು. ಯಾತಕ್ಕೆ? ದುಡಿಯುವ ಬಂಡವಾಳಕ್ಕೆ ಮತ್ತು ಸಣ್ಣ ಸಲಕರಣೆಗೆ. ನನ್ನ ಹತ್ತಿರ ಬಂದವರಲ್ಲಿ ಹತ್ತಕ್ಕೆ ಒಂಬತ್ತು ಜನ ಕೇಳಿದ್ದು ಅದೇ ಯೋಜನೆಯ ಮಷಿನ್ ಸಬ್ಸಿಡಿ. (ನಿಮ್ಮ ಜಿಲ್ಲೆಯಲ್ಲಿ ಈಗ ಅರ್ಜಿ ತಗೊಳ್ಳುತ್ತಿದ್ದಾರೋ ಇಲ್ಲವೋ ಕೃಷಿ ಇಲಾಖೆಯಲ್ಲಿ ವಿಚಾರಿಸಿ, ನನ್ನ ಮಾತು ನಂಬಿ ಬಸ್ ಹತ್ತಬೇಡಿ.) ಹಾಗೆಯೇ ಸ್ವಸಹಾಯ ಸಂಘಗಳಿಗೆ 10 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕು ಅಡಮಾನ ಕೇಳುವಂತಿಲ್ಲ, ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಮ್ಯಾನೇಜರ್ ಕೇಳಿದರೆ ಜಗಳ ಬೇಡ. ಆ ಸುತ್ತೋಲೆಯ ಪ್ರತಿ ಮುಂದಿಡಿ, ಸುಮ್ಮನೆ ಕೂತುಕೊಳ್ಳಿ.

ಈಗ ಆ ಗದಗ ಕಡೆಯ ಕತೆಗೆ ಬರುತ್ತೇನೆ. ಹೇಳಲು ನನಗೇನೂ ಹೆಮ್ಮೆ ಇಲ್ಲ. ಅವರು ದಿನಕ್ಕೆ 600 ರೊಟ್ಟಿ ಬಡಿದು ಖಾನಾವಳಿ, ಹಾಸ್ಟೆಲ್ಲು, ಮದುವೆ ಮನೆ ಅಂತ ಕೊಟ್ಟುಕೊಂಡು ಚೆನ್ನಾಗಿಯೇ ಇದ್ದರು. ಒಂದು ಕಂಪನಿ ಮಷಿನ್ ಕೊಟ್ಟಿತು. ಬೆನ್ನಿಗೇ ಒಂದು ದೊಡ್ಡ ಅಂಗಡಿ ಸರಣಿಯವರು ದಿನಕ್ಕೆ 2,000 ರೊಟ್ಟಿ ಕೇಳಿದರು. ‘ಹಿಡೀಲೇನ್ರಿ ಸಾಹೇಬ್ರ?’ ಅಂತ ಫೋನ್ ಬಂತು. ‘ಹಿಡೀರಿ ಅಕ್ಕಾ’ ಅಂದವನು ನಾನೇ. ಪೇಮೆಂಟ್ ಯಾವಾಗ ಅಂತ ಆವತ್ತು ನಾನೂ ಕೇಳಲಿಲ್ಲ.

ಐದನೇ ವಾರಕ್ಕೆ ಅಡತಿ ಅಂಗಡಿಯವನು ಜೋಳ ಕೊಡುವುದನ್ನು ನಿಲ್ಲಿಸಿದ. ಆರನೇ ವಾರ ಶನಿವಾರದ ಪಗಾರ ನಿಂತಿತು. ನಾನು ಹೋಗಿ ನೋಡಿದಾಗ ಬಡಿಯುವ ಸಪ್ಪಳ ಅರ್ಧಕ್ಕೆ ಇಳಿದಿತ್ತು. ಮೂಲೆಯಲ್ಲಿ ಒಬ್ಬ ಹೆಣ್ಣುಮಗಳು ಹಿಟ್ಟಿನ ಕೈಯಲ್ಲೇ ಫೋನಿನಲ್ಲಿ ಫೈನಾನ್ಸಿನವರ ಜತೆ ಮಾತಾಡುತ್ತಿದ್ದಳು. ಕಂತಿನ ದಿನ ಗುರುವಾರ. ಪಗಾರ ಬರಲಿಲ್ಲ ಅಂತ ಒಂದು ಫೈನಾನ್ಸಿನ ಕಂತು ಕಟ್ಟಲು ಇನ್ನೊಂದು ಫೈನಾನ್ಸಿನಲ್ಲಿ ಸಾಲ ತೆಗೆದಿದ್ದಳು. ಬಡ್ಡಿ ಶೇ 24.

ಆವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ಲೆಕ್ಕ ಹೊಳೆಯಿತು. ಎಸಿ ಹಾಕಿದ ಆ ಅಂಗಡಿ ಎರಡು ಮೂರು ತಿಂಗಳು ನಮ್ಮ ದುಡ್ಡು ಇಟ್ಟುಕೊಳ್ಳುತ್ತದೆ. ಆ ದುಡ್ಡು ಸಂಘದ್ದಲ್ಲ, ಸಂಘದ ಹತ್ತಿರ ಇರಲೇ ಇಲ್ಲ. ಅಂಗಡಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟವಳು ಹಿಟ್ಟಿನ ಕೈಯಲ್ಲಿ ಫೋನ್ ಹಿಡಿದಿದ್ದ ಆ ವಿಧವೆ. ಅವಳ ಬದುಕು ಸುಧಾರಿಸಲಿ ಅಂತಲೇ ಇಷ್ಟೆಲ್ಲ ಕಟ್ಟಿದ್ದು.

ಕಾನೂನು ಇಲ್ಲವೆಂದಲ್ಲ. 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆ ಪ್ರಕಾರ ಕಿರು ಮತ್ತು ಸಣ್ಣ ಉದ್ಯಮದಿಂದ ಮಾಲು ಕೊಂಡವರು, ಕರಾರಿನಲ್ಲಿ ಏನೇ ಬರೆದಿರಲಿ, 45 ದಿನದೊಳಗೆ ಹಣ ಕೊಡಬೇಕು. ಕರಾರೇ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ‘ಬ್ಯಾಂಕ್ ದರ’ದ ಮೂರು ಪಟ್ಟು ಚಕ್ರಬಡ್ಡಿ. 2023ರಲ್ಲಿ ಆದಾಯ ತೆರಿಗೆಗೂ ತಿದ್ದುಪಡಿ ತಂದು, ಗಡುವು ಮೀರಿಸಿದವರು ಆ ಖರ್ಚನ್ನು ಹಣ ಕೊಟ್ಟ ವರ್ಷವೇ ತೋರಿಸಬೇಕು ಅಂತ ಮಾಡಿದರು. ಇದು ದೊಡ್ಡವರ ಲೆಕ್ಕಿಗರಿಗೆ ಸ್ವಲ್ಪ ಚುರುಕು ಮುಟ್ಟಿಸಿದೆ. ಇದರ ಲಾಭ ಬೇಕಾದರೆ ಉದ್ಯಮ್, ಅಂದರೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ ಮಾಡಿಸಿ, ಆ ನಂಬರನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸಿ. ಖರ್ಚಿಲ್ಲ. ಆದರೆ ದೂರು ಕೊಟ್ಟ ಮರುತಿಂಗಳು ಆರ್ಡರ್ ಬರುತ್ತದೆ ಅಂತ ನಾನು ಭರವಸೆ ಕೊಡಲಾರೆ. ವಕೀಲರನ್ನು ಕೇಳಿ.

ಹಾಗಾಗಿ ದರ ಮಾತಾಡುವ ಮೊದಲು ದಿನ ಮಾತಾಡಿ. ‘ರೊಕ್ಕ ಕೈಯಾಗ ಕೊಟ್ಟರೆ 25 ಪೈಸೆ ಕಡಿಮೆ’ ಅನ್ನಬಹುದು, ಆದರೆ ಎಲ್ಲರೂ ಅನ್ನಬೇಕಾಗಿಲ್ಲ. ಬ್ಯಾಂಕಿನ ಸಿಸಿ, ಅಂದರೆ ಬೇಕಾದಾಗ ತೆಗೆದು ತಿರುಗಿ ಕಟ್ಟುವ ಕ್ಯಾಶ್ ಕ್ರೆಡಿಟ್ ಸಾಲ, ಶೇ 12ಕ್ಕೆ ಸಿಕ್ಕರೆ 5 ರೂಪಾಯಿಯ ರೊಟ್ಟಿಗೆ 90 ದಿನದ ಬಡ್ಡಿ ಸುಮಾರು 15 ಪೈಸೆ. ಅಂಥವರು ರಿಯಾಯಿತಿ ಕೊಟ್ಟರೆ ದಡ್ಡರು. ಫೈನಾನ್ಸಿನ ಶೇ 24ರಲ್ಲಿ ಅದೇ ರೊಟ್ಟಿಗೆ 30 ಪೈಸೆ. ಅಂಥವರು 25 ಪೈಸೆ ಬಿಟ್ಟುಕೊಟ್ಟು ರೊಕ್ಕ ಎಣಿಸಿಕೊಂಡು ಬರುವುದೇ ಮೇಲು. ಜತೆಗೆ ಖಾನಾವಳಿಯವರನ್ನು ಯಾವತ್ತೂ ಕೈಬಿಡಬೇಡಿ. 40 ರೊಟ್ಟಿ ತಗೊಂಡು ಗಲ್ಲೆಯಿಂದ ಎಣಿಸಿ ಕೊಡುವ ಗಿರಾಕಿಯ ಬೆಲೆ ಆತ ಹೋದ ಮೇಲೇ ಗೊತ್ತಾಗುವುದು.

ಲಿಜ್ಜತ್ ಪಾಪಡ್ ಕತೆಯನ್ನು ಎಲ್ಲ ತರಬೇತಿಯಲ್ಲೂ ಹೇಳುತ್ತಾರೆ. 1959, ಮುಂಬಯಿಯ ಗಿರಗಾಂವ್, ಏಳು ಜನ ಹೆಂಗಸರು, 80 ರೂಪಾಯಿ ಸಾಲ. ಚಪ್ಪಾಳೆ. ಹಪ್ಪಳ ಲಟ್ಟಿಸಿದವರಿಗೆ ಕೂಲಿ ದಿನಾ ಸಿಗುತ್ತಿತ್ತು, ಅದಕ್ಕಾಗಿಯೇ ವಿತರಕರು ಮಾಲು ಎತ್ತುವಾಗಲೇ ಹಣ ಕಟ್ಟಬೇಕಿತ್ತು ಅನ್ನುವ ಭಾಗಕ್ಕೆ ಬರುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ.

ಗದಗ ಕಡೆಯವರಿಗೆ ದುಡ್ಡು ಕೊನೆಗೂ ಬಂತು, 110 ದಿನಕ್ಕೆ. ಅವರು ಆ ಆರ್ಡರ್ ಬಿಟ್ಟರು. ಈಗ 700 ರೊಟ್ಟಿ, ಶನಿವಾರ ತಪ್ಪದೆ ಪಗಾರ. ಹೋದ ತಿಂಗಳು ಅಧ್ಯಕ್ಷೆಯ ಫೋನ್ ಬಂದಿತ್ತು. ಮಷಿನ್ ಕೊಟ್ಟ ಕಂಪನಿಯವರು ಫೋಟೊ ತೆಗೆಯಲು ಬರುತ್ತಾರಂತೆ. ಮಷಿನ್ ಮೇಲೆ ಧೂಳು ಕೂಡಬಾರದೆಂದು ಹಳೆಯ ಇಳಕಲ್ ಸೀರೆ ಹೊದಿಸಿಟ್ಟಿದ್ದಾರೆ.

‘ಸೀರಿ ತಗೀಬೇಕೇನ್ರಿ ಸಾಹೇಬ್ರ, ಇಲ್ಲಾ ಹಂಗ ಇರ್ಲ್ಯೋ?’