ಬೋರ್ಡ್ ಆಲ್ದೂರಿನಲ್ಲಿ, ಡೀಬಗ್ಗರ್ ಚಿಕ್ಕಮಗಳೂರಿನಲ್ಲಿ

ಮಳೆಗಾಲ ಬಂತೆಂದರೆ ನಮ್ಮ ಕಡೆ ಯಾರೇ ಸಿಕ್ಕರೂ ಮೊದಲ ಮಾತು, "ನಿಮ್ಮಲ್ಲಿ ಎಷ್ಟು ಇಂಚು?" ಅದಕ್ಕೇ ಆಲ್ದೂರಿನ ತೋಟದಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಇಟ್ಟು, ಮಳೆ ಲೆಕ್ಕ ಹಿಡಿಯುವ ಸಿ ಪ್ರೋಗ್ರಾಂ ಬರೆದೆ. ಅದು ಒಂದಕ್ಕೆ ಎರಡು ಎಣಿಸತೊಡಗಿತು. ಪ್ರತಿ ಸಲ ತೋಟಕ್ಕೆ ಓಡುವುದು ಯಾರು? ಚಿಕ್ಕಮಗಳೂರಿನ ಮನೆಯಲ್ಲೇ ಕೂತು, ಓಡುವ ಪ್ರೋಗ್ರಾಂ ನಿಲ್ಲಿಸಿ ಒಳಗೆ ಇಣುಕಿ ತಪ್ಪು ಹುಡುಕುವ ಜಿಡಿಬಿ ಎಂಬ ಡೀಬಗ್ಗರ್‌ನಲ್ಲಿ ಅದನ್ನು ಹಿಡಿಯಲು ಹೊರಟೆ.

ದೂರದ ಡೀಬಗ್ಗಿಂಗ್‌ನಲ್ಲಿ ಕೆಲಸ ಎರಡು ಪಾಲು. ತಲೆ ಲ್ಯಾಪ್‌ಟಾಪಿನಲ್ಲಿ, ಕೈ ಬೋರ್ಡಿನಲ್ಲಿ. ಆ ಕೈಯ ಹೆಸರು ಜಿಡಿಬಿಸರ್ವರ್. ಅದಕ್ಕೆ ನಮ್ಮ ವೇರಿಯಬಲ್ ಹೆಸರಾಗಲಿ, ಸಾಲಿನ ನಂಬರಾಗಲಿ ಗೊತ್ತಿಲ್ಲ. ಮೆಮೊರಿ, ರಿಜಿಸ್ಟರ್ (ಪ್ರೊಸೆಸರ್ ಒಳಗಿನ ಪುಟ್ಟ ಖಾನೆ) ಓದು, ಬರೆ, ನಿಲ್ಲಿಸು, ಓಡಿಸು, ಹೆಚ್ಚುಕಡಿಮೆ ಇಷ್ಟೇ. ನಾವು "ಕೌಂಟ್ ಎಷ್ಟು?" ಅಂದರೆ ಜಿಡಿಬಿ ತನ್ನ ಹತ್ತಿರ ಇರುವ ಸಿಂಬಲ್ (ಯಾವ ಹೆಸರು ಯಾವ ವಿಳಾಸದಲ್ಲಿದೆ ಎಂಬ ಪಟ್ಟಿ) ನೋಡಿ, "ಈ ವಿಳಾಸದಿಂದ 4 ಬೈಟ್ ಕೊಡು" ಅಂತ ಆ ಕಡೆಗೆ ಕಳಿಸುತ್ತದೆ. ಆ ಸಂದೇಶ ಡಾಲರ್ ಗುರುತಿನಿಂದ ಶುರುವಾಗಿ, ಹ್ಯಾಷ್ ಗುರುತು ಮತ್ತು ದಾರಿಯಲ್ಲಿ ಸಂದೇಶ ಕೆಟ್ಟಿಲ್ಲವೆಂದು ನೋಡಲು 2 ಹೆಕ್ಸ್ ಅಂಕಿಯ ಚೆಕ್‌ಸಮ್‌ನಿಂದ ಮುಗಿಯುತ್ತದೆ.

ಜೋಡಿಸುವುದು ಸುಲಭ. ಬೋರ್ಡಿನಲ್ಲಿ ಜಿಡಿಬಿಸರ್ವರ್‌ಗೆ ಪೋರ್ಟ್ ನಂಬರು (ಹೆಚ್ಚಿನವರು 2345 ಹಾಕುತ್ತಾರೆ), ಪ್ರೋಗ್ರಾಂ ಹೆಸರು ಕೊಡಿ. ಇತ್ತ ಲ್ಯಾಪ್‌ಟಾಪಿನ ಜಿಡಿಬಿ-ಮಲ್ಟಿಆರ್ಚ್‌ನಲ್ಲಿ (ಬೇರೆ ಬೇರೆ ಪ್ರೊಸೆಸರ್ ಅರ್ಥವಾಗುವ ಜಿಡಿಬಿ) ಅದೇ ಪ್ರೋಗ್ರಾಂ ತೆರೆದು 'ಟಾರ್ಗೆಟ್ ರಿಮೋಟ್' ಆಜ್ಞೆ ಕೊಡಿ. ಜಿಡಿಬಿಸರ್ವರ್ ಪಾಸ್‌ವರ್ಡ್ ಕೇಳುವುದೇ ಇಲ್ಲ. ಹಾಗಾಗಿ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಡಬೇಡಿ, ಎಸ್‌ಎಸ್‌ಎಚ್ ಟನೆಲ್ (ಗೂಢಲಿಪಿಯ ಸುರಕ್ಷಿತ ದಾರಿ) ಒಳಗಿಂದಲೇ ಹೋಗಿ.

'ಅದೇ ಪ್ರೋಗ್ರಾಂ' ಅಂದೆನಲ್ಲ, ನಾನು ಅರ್ಧ ದಿನ ಕಳೆದದ್ದು ಅಲ್ಲೇ. ಇಲ್ಲಿ ಕೋಡ್ ತಿದ್ದಿ ಕಂಪೈಲ್ ಮಾಡಿದೆ, ಬೋರ್ಡಿಗೆ ಕಾಪಿ ಮಾಡಲು ಮರೆತೆ. ಜಿಡಿಬಿ ಸಂಬಂಧವೇ ಇಲ್ಲದ ಸಾಲಿನಲ್ಲಿ ನಿಂತು ಪೆಕರನಂತೆ ನೋಡುತ್ತಿತ್ತು. ಬೋರ್ಡಿನ ಕಾಪಿಯಿಂದ ಸಿಂಬಲ್ ತೆಗೆದಿದ್ದರೂ ಪರವಾಗಿಲ್ಲ. ಆದರೆ ಎರಡೂ ಒಂದೇ ಬಿಲ್ಡ್‌ನಿಂದ ಬಂದಿರಬೇಕು.

ಇನ್ನೊಂದು ತಮಾಷೆ. ಎಣಿಸುವ ಸಾಲಿಗೆ ಬ್ರೇಕ್‌ಪಾಯಿಂಟ್ (ಪ್ರೋಗ್ರಾಂ ನಿಲ್ಲಬೇಕಾದ ಜಾಗದ ಗುರುತು) ಇಟ್ಟು, ಮಳೆಮಾಪಕಕ್ಕೆ ಚೊಂಬಿನಲ್ಲಿ ನೀರು ಸುರಿಯಲು ತೋಟದಲ್ಲಿದ್ದ ತಮ್ಮನಿಗೆ ಫೋನ್ ಮಾಡಿದೆ. ಲೆಕ್ಕ ಸರಿಯಾಗೇ ಬಂತು! ಬ್ರೇಕ್‌ಪಾಯಿಂಟ್ ತೆಗೆದರೆ ಮತ್ತೆ ಎರಡೆರಡು. ಪ್ರೋಗ್ರಾಂ ನಿಂತಿರುವಾಗ ಮಳೆಮಾಪಕದ ಸ್ವಿಚ್ ಸೇರಿರುವ ಪಿನ್ ನೋಡುವವರು ಯಾರೂ ಇಲ್ಲ ಅಲ್ವಾ, ತಪ್ಪು ಆಗಲೇ ಸುಮ್ನೆ ದಾಟಿ ಹೋಗುತ್ತಿತ್ತು.

ಕೊನೆಗೆ ಪ್ರತಿ ಎಣಿಕೆಯ ಸಮಯವನ್ನು ಒಂದು ಅರೇಗೆ (ಸಾಲಾಗಿ ಬೆಲೆ ಇಡುವ ಪಟ್ಟಿ) ತುಂಬಿಸಿದೆ. ಎಣಿಕೆ 40 ಮುಟ್ಟಿದಾಗ ಮಾತ್ರ ನಿಲ್ಲುವಂತೆ ಷರತ್ತಿನ ಬ್ರೇಕ್‌ಪಾಯಿಂಟ್ ಅಲ್ಲ, ಕೋಡಿನಲ್ಲೇ ಒಂದು 'ಇಫ್' ಬರೆದು ಅದರೊಳಗೆ ಬ್ರೇಕ್‌ಪಾಯಿಂಟ್ ಇಟ್ಟೆ. ಬ್ರೇಕ್‌ಪಾಯಿಂಟಿಗೇ ಷರತ್ತು ಹಾಕಿದರೂ ಸಾಮಾನ್ಯವಾಗಿ ಪ್ರತಿ ಸಲ ಪ್ರೋಗ್ರಾಮನ್ನು ಒಂದು ಕ್ಷಣ ನಿಲ್ಲಿಸಿಯೇ ಷರತ್ತು ನೋಡಲಾಗುತ್ತದೆ. ಅರೇ ಬಿಚ್ಚಿದಾಗ ಕಂಡಿತು: ಒಂದೊಂದು ಎಣಿಕೆಯ ಬೆನ್ನಿಗೇ, ಕೆಲವೇ ಮಿಲಿಸೆಕೆಂಡಿನಲ್ಲಿ ಇನ್ನೊಂದು. ಮಳೆಮಾಪಕದ ಸ್ವಿಚ್ ಒಮ್ಮೆ ತಾಗಿದಾಗಲೇ ಅದುರಿ ಎರಡು ಸಲ ತಾಗುತ್ತಿತ್ತು.